ಐವತ್ತರ ಗೆರೆ

ನಮ್ಮ ಯಜಮಾನರು ಒಂದು ಕಡೆ ಕೂರುವುದನ್ನು ಬಿಟ್ಟಿದ್ದು ಆ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ. ಊಟಕ್ಕೆ ಕೂತರೆ ಎರಡು ತುತ್ತು ತಿಂದು ಎದ್ದುಬಿಡುವರು. ಹಿತ್ತಲಿಗೆ ಹೋಗಿ ಹಗ್ಗದ ಮೇಲಿನ ಬಟ್ಟೆ ಮುಟ್ಟಿ ನೋಡುವರು, ಬಂದು ಕೂರುವರು, ಮತ್ತೆ ಏಳುವರು. ಪೇಪರು ಬಿಡಿಸಿದರೆ ಓದದೆ ಮಡಿಸುವರು. ಬೀದಿ ಕೊನೆಯ ಹೆಂಚಿನ ಕಾರ್ಖಾನೆವರೆಗೆ ನಡೆದು ಹೋಗಿ, ಏನೋ ಮರೆತವರ ಹಾಗೆ ತಿರುಗಿ ಬರುವರು. ನಡೆಯುವಾಗ ಎಡಗೈ ಸುಮ್ಮನೆ ತೂಗುತ್ತಿತ್ತು, ಬಲಗೈ ಮಾತ್ರ ಜೇಬಿನಿಂದ ಹೊರಗೆ ಬರುತ್ತಿರಲಿಲ್ಲ. ಅವರು ಬಸ್ ಡ್ರೈವರು. ನಮ್ಮೂರಿಂದ ಪೇಟೆಗೆ ಹೋಗಿಬರುವ ಒಂದೇ ಒಂದು ಬಸ್ಸಿನ ಡ್ರೈವರ್ ಶಂಭಣ್ಣ ಅಂದರೆ ಎಲ್ಲರಿಗೂ ಗೊತ್ತು. ಸೀಟಿನಲ್ಲಿ ಕೂತರೆ ಗುಂಡುಕಲ್ಲಿನ ಹಾಗೆ ಕೂರುವ ಆಸಾಮಿ ಮನೆಯಲ್ಲಿ ಹೀಗೆ ಬಾಲ ಸುಟ್ಟ ಬೆಕ್ಕಿನಂತೆ ಸುತ್ತುವುದನ್ನು ನಾನು ನೋಡುತ್ತಲೇ ಇದ್ದೆ. ಆದರೆ ಏನಾಯಿತೆಂದು ಕೇಳುವ ಹಾಗಿರಲಿಲ್ಲ.

ನಮ್ಮೂರಲ್ಲಿ ನೋವನ್ನು ಬಾಯಿಬಿಟ್ಟು ಹೇಳಿದರೆ ಅದು ಕೇಳಿದವರಿಗೆ ಹೋಗುತ್ತದೆ. ಹೇಳಿದವರು ಹಗುರಾಗುತ್ತಾರೆ, ಕೇಳಿದವರು ಹಿಡಿದುಕೊಂಡು ಕೂರುತ್ತಾರೆ. ಹೋಗುವುದು ನೋವು ಮಾತ್ರ; ಗಾಯ, ಬಾವು, ಕಾಯಿಲೆ ಎಲ್ಲ ಇದ್ದಲ್ಲೇ ಇರುತ್ತದೆ. ಹಾಗಾಗಿ ಮಾತು ಬಂದ ಮಕ್ಕಳಿಗೆ ನಾವು ಮೊದಲು ಕಲಿಸುವುದು ಹಲ್ಲು ಕಚ್ಚುವುದನ್ನು. ಎದುರು ಸಿಕ್ಕವರನ್ನು 'ಹೇಗಿದ್ದೀರಿ' ಎಂದು ಯಾರೂ ಕೇಳುವುದಿಲ್ಲ, 'ಎತ್ತಲಾಗೆ ಹೊರಟ್ರಿ' ಅನ್ನುತ್ತೇವೆ. ನೋಯುವ ಕಡೆ ಬೆರಳಿಟ್ಟು ತೋರಿಸುವುದೂ ಅಸಭ್ಯವೇ, ಬೆರಳು ಹೋದಲ್ಲಿಗೆ ಬಾಯಿಯೂ ಹೋಗಿಬಿಟ್ಟೀತು ಎಂಬ ಭಯ. ಹೊರಗಿನಿಂದ ಬಂದ ಡಾಕ್ಟರುಗಳು ಒಂದು ಮಳೆಗಾಲವೂ ನಿಂತದ್ದಿಲ್ಲ. ಬರುವಾಗ ಚೆನ್ನಾಗಿ ನಡೆದು ಬಂದವರು ಹೋಗುವಾಗ ಸೊಂಟ ಹಿಡಿದುಕೊಂಡು, ಕುಂಟಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು.

ಅನಂತಶಯನ ಡಾಕ್ಟರು ಹಾಗಲ್ಲ. ಅವರು ಬಂದಿದ್ದೇ ಒಂದು ಕಂಪ್ಯೂಟರನ್ನೂ ಅದಕ್ಕೆ ವೈರಿನಿಂದ ಜೋಡಿಸಿದ ಸಣ್ಣ ಪೆಟ್ಟಿಗೆಯನ್ನೂ ಹೊತ್ತುಕೊಂಡು. ರೋಗಿ ಒಂದು ಕೈಯಲ್ಲಿ ಹಿತ್ತಾಳೆಯ ಕೊಳವೆ ಹಿಡಿಯಬೇಕು. ಇನ್ನೊಂದು ಕೈಯ ಉಗುರುಗಳ ಪಕ್ಕ, ಆಮೇಲೆ ಕಾಲ್ಬೆರಳುಗಳ ಪಕ್ಕ, ಅಕ್ಯುಪಂಕ್ಚರ್ ಬಿಂದುಗಳೆಂದು ಅವರು ಹೇಳುವ ಜಾಗಗಳಿಗೆ ಪೆನ್ನಿನಂಥ ಕಡ್ಡಿಯ ತುದಿ ಒತ್ತಬೇಕು. ಪರದೆಯ ಮೇಲೆ ಒಂದು ಬಣ್ಣದ ಪಟ್ಟಿ ಏರುತ್ತದೆ. ಐವತ್ತರ ಗೆರೆಯ ಹತ್ತಿರ ನಿಂತರೆ ಹಸಿರು, ಆ ಅಂಗ ಸಮತೋಲದಲ್ಲಿದೆ ಎಂದು ಅರ್ಥ. ಮೇಲೆ ಹಾರಿದರೆ ಕೆಂಪು, ಕೆಳಗೆ ಕುಸಿದರೆ ಹಳದಿ. ರೋಗಿ ತುಟಿ ಬಿಚ್ಚಬೇಕಾಗಿಯೇ ಇರಲಿಲ್ಲ. ನಮ್ಮೂರಿಗೆ ಅದು ಸಾಕ್ಷಾತ್ ದೇವರು ಕಳಿಸಿದ ಸಾಮಾನಿನ ಹಾಗೆ ಕಂಡಿತು. ಮೊದಲ ದಿನವೇ ಟೈಲರ್ ಹಬೀಬ್ ಸಾಹೇಬರು ಬಂದು ಕೂತರು. ಅವರ ಕಿರುಬೆರಳಿನ ಪಕ್ಕದ ಪಟ್ಟಿ ಕೆಂಪಾದಾಗ, 'ಕತ್ತಿನಿಂದ ಭುಜದವರೆಗೆ ತೊಂದರೆ ಇದೆ,' ಎಂದು ಡಾಕ್ಟರು ತಾವೇ ಹೇಳಿದರು. ಹಬೀಬ್ ಸಾಹೇಬರ ಕಣ್ಣಲ್ಲಿ ನೀರು ಬಂತು. ಎಷ್ಟೋ ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದರು. ದಿನವಿಡೀ ಬಗ್ಗಿ ಹೊಲಿಯುವವನಿಗೆ ಕತ್ತು ನೋಯದೆ ಇನ್ನೇನು ನೋಯುತ್ತದೆ ಎಂದು ಆ ಹೊತ್ತಿಗೆ ನನಗೂ ಹೊಳೆಯಲಿಲ್ಲ.

ನಾನು ಅಲ್ಲಿ ಕಡ್ಡಿ ಒತ್ತುವ ಕೆಲಸಕ್ಕೆ ಸೇರಿಕೊಂಡೆ. ಡಾಕ್ಟರೇ ಕೈಹಿಡಿದು ಕಲಿಸಿದರು. ಒಳ್ಳೆಯ ಮನುಷ್ಯ, ಬಾಯ್ತುಂಬ ಮಾತು, ಪ್ರತಿಯೊಬ್ಬರನ್ನೂ 'ಅಮ್ಮಾ, ಅಯ್ಯಾ' ಎಂದೇ ಕರೆಯುವರು. ಮನೆ ಬಾಡಿಗೆಗೆ ಕೊಟ್ಟವರು 'ಯಾರಿಗೂ ಎಲ್ಲಿ ನೋವು ಅಂತ ಕೇಳಬೇಡಿ ಸ್ವಾಮಿ' ಎಂದಿದ್ದರಂತೆ. ಅದು ಈ ಊರಿನವರ ನಾಚಿಕೆಯ ಸ್ವಭಾವ ಎಂದುಕೊಂಡು ಅವರು ಸುಮ್ಮನಿದ್ದರು.

ಕೆಲಸ ಕೈಗೆ ಹತ್ತಿದ ಮೇಲೆ ನನಗೊಂದು ಅನುಮಾನ ಶುರುವಾಯಿತು. ಸ್ವಲ್ಪ ಜೋರಾಗಿ ಒತ್ತಿದರೆ ಪಟ್ಟಿ ಏರುತ್ತಿತ್ತು. ಹಗುರಾಗಿ ಮುಟ್ಟಿದರೆ ಇಳಿಯುತ್ತಿತ್ತು. ಬೆವರಿದ ಕೈಗೆ ಒಂದು, ಒಣಗಿದ ಕೈಗೆ ಇನ್ನೊಂದು. ಒಂದು ದಿನ ಡಾಕ್ಟರಿಗೆ ಹೇಳಿಯೇಬಿಟ್ಟೆ.

'ಅದು ನನಗೂ ಗೊತ್ತು ವನಮಾಲಮ್ಮ,' ಅಂದರು. 'ಪಳಗಿದ ಕೈ ಎಷ್ಟು ಒತ್ತಬೇಕೋ ಅಷ್ಟೇ ಒತ್ತುತ್ತೆ. ನಿಮ್ಮ ಕೈ ಪಳಗಿದೆ, ಅನುಮಾನ ಪಡಬೇಡಿ.' ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, 'ಒಂದೊಂದು ಸಲ ನನಗೂ ಅನ್ನಿಸುತ್ತೆ, ಇದರಲ್ಲಿ ಎಷ್ಟು ಮೆಷಿನ್ನಿನದು, ಎಷ್ಟು ನಮ್ಮದು ಅಂತ. ಆದರೆ ಈ ಜನ ಯಾರ ಮುಂದೆಯೂ ಕೈಚಾಚದವರು ನನ್ನ ಮುಂದೆ ಚಾಚುತ್ತಾರಲ್ಲ, ಅದನ್ನ ಹೇಗೆ ಬೇಡ ಅನ್ನಲಿ?' ಅಂದರು.

ಯಜಮಾನರು ಹೀಗೆ ಸುತ್ತಾಡಲು ಶುರುಮಾಡಿದ ಮೇಲೆ ಒಂದು ಬೆಳಿಗ್ಗೆ ಅವರನ್ನು ಬಲವಂತ ಮಾಡಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಹಿತ್ತಾಳೆ ಕೊಳವೆ ಹಿಡಿದು ಕುರ್ಚಿಯ ತುದಿಯಲ್ಲಿ ಕೂತರು. ಮೊಣಕಾಲು ಒಂದೇ ಸಮ ಅಲ್ಲಾಡುತ್ತಿತ್ತು. ನಾನು ಒಂದೊಂದೇ ಬಿಂದು ಒತ್ತಿದೆ. ಹೃದಯ ಹಸಿರು. ಪಿತ್ತಕೋಶ ಹಸಿರು. ಕರುಳು ಹಸಿರು. ಎಲ್ಲವೂ ಐವತ್ತರ ಗೆರೆಯ ಮೇಲೆ ಕಟ್ಟಿ ನಿಲ್ಲಿಸಿದ ಹಾಗೆ ನಿಂತವು. ಡಾಕ್ಟರು ನಕ್ಕು, 'ನಿಮ್ಮ ಯಜಮಾನರಿಗೆ ಏನೂ ಇಲ್ಲಮ್ಮ. ಸ್ವಲ್ಪ ಯೋಚನೆ ಜಾಸ್ತಿ ಅಷ್ಟೆ,' ಅಂದರು. ನನಗೆ ಸಮಾಧಾನವಾಗಲಿಲ್ಲ. ಅವರಿಗೆ ಏನೂ ಇರದಿರಲಿ ಎಂದು ಬೇಡಿಕೊಳ್ಳುತ್ತಲೇ ನಾನು ಒತ್ತಿದ್ದೆ. ಬೇಡಿಕೊಂಡಿದ್ದು ನನ್ನ ಬೆರಳಿಗೂ ಕೇಳಿಸಿರಬೇಕು.

ಅದೇ ವಾರ ಡಾಕ್ಟರು ಬಹಳ ಹುರುಪಿನಲ್ಲಿದ್ದರು. ಪೇಟೆಗೆ ಹೋದಾಗ ಅವರಿಗೇ ಏನೋ ಆಗಿತ್ತಂತೆ. ಬಸ್ಸಿನಲ್ಲಿ ಕೂತು ಮೊಣಕಾಲ ಕೆಳಗಿನ ಒಂದು ಬಿಂದುವನ್ನು ಹೆಬ್ಬೆರಳಿಂದ ಒತ್ತಿಕೊಂಡೇ ಬಂದರಂತೆ. ಊರು ಮುಟ್ಟುವ ಹೊತ್ತಿಗೆ ಸ್ವಿಚ್ ಆರಿಸಿದ ಹಾಗೆ ಹೋಯಿತಂತೆ. 'ಇಷ್ಟು ದಿನ ಬೇರೆಯವರಿಗೆ ಹೇಳ್ತಿದ್ದೆ. ಈಗ ನನ್ನ ಮೈಯೇ ಸಾಕ್ಷಿ!' ಎಂದು ಬಂದ ಬಂದವರಿಗೆಲ್ಲ ಹೇಳಿದರು. ಏನು ಹೋಯಿತು, ಎಲ್ಲಿಂದ ಹೋಯಿತು ಎಂದು ಊರಿನವರಾರೂ ಕೇಳಲಿಲ್ಲ, ಕೇಳುವ ಅಭ್ಯಾಸ ನಮಗಿಲ್ಲ. ತಮ್ಮ ಬಿಂದುಗಳನ್ನೂ ನನ್ನ ಕೈಯಿಂದ ಪರೀಕ್ಷೆ ಮಾಡಿಸಿಕೊಂಡರು. ಅಷ್ಟು ಸಂತೋಷವಾಗಿದ್ದ ಮನುಷ್ಯನ ಮುಂದೆ ಕೂತು ಒತ್ತಿದರೆ ಇನ್ನೇನು ಬರುತ್ತದೆ, ಎಲ್ಲ ಹಸಿರು. ಆದರೆ ಅವರ ಕೈ ಕಾದ ಹೆಂಚಿನ ಹಾಗಿತ್ತು. ಮಾರನೆಯ ದಿನ ಶಾಲು ಹೊದ್ದು ಬಂದರು. ಹೋಟೆಲಿನಿಂದ ತರಿಸಿದ ಇಡ್ಲಿ ಮುಟ್ಟಲಿಲ್ಲ, ಎರಡು ಸಲ ಹಿಂದೆ ಹೋಗಿ ವಾಂತಿ ಮಾಡಿಬಂದರು. 'ಜ್ವರ ಬಂದಿದೆಯಲ್ಲ ಸರ್,' ಅಂದೆ. 'ಒಳಗಿನ ವಿಷವೆಲ್ಲ ಹೊರಗೆ ಬರ್ತಿದೆ ಅಮ್ಮಾ. ಒಳ್ಳೇ ಲಕ್ಷಣ,' ಅಂದು ನಡುಗುವ ಕೈಯಲ್ಲೇ ಬಿಸಿನೀರು ಕುಡಿದರು.

ಆ ಮಧ್ಯಾಹ್ನ ಕಂಡಕ್ಟರ್ ಕೃಷ್ಣೋಜಿ ನಮ್ಮ ಮನೆ ಬಾಗಿಲಿಗೆ ಬಂದ. ಒಳಗೆ ಬಾ ಅಂದರೂ ಬರಲಿಲ್ಲ. 'ಅಕ್ಕಾ, ಶಂಭಣ್ಣಂಗೆ ರಜಾ ಹಾಕಿಸಿ. ಇವತ್ತು ಗೋಡೌನ್ ತಿರುವಿನಲ್ಲಿ ಬಸ್ಸು ಗೋಡೆಗೆ ಒಂದು ಗೇಣು ದೂರದಲ್ಲಿ ನಿಂತಿತು. ಸ್ಕೂಲು ಮಕ್ಕಳಿದ್ದರು ಒಳಗೆ. ಅಣ್ಣ ಸ್ಟೇರಿಂಗ್ ಮೇಲೆ ತಲೆಯಿಟ್ಟುಬಿಟ್ಟರು. ನಾನು ಏನೂ ಕೇಳಲಿಲ್ಲ,' ಅಂದ. ಅವನು ಕೇಳದಿದ್ದುದಕ್ಕೆ ನಾನು ತಪ್ಪು ತಿಳಿಯಲಿಲ್ಲ.

ಯಜಮಾನರು ಬಸ್ ನಿಲ್ದಾಣದ ಹಿಂದೆ, ಹಳೇ ಟೈರುಗಳನ್ನು ರಾಶಿ ಹಾಕಿದ ಜಾಗದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ನಾನು ಹೋಗಿ ದಾರಿಗೆ ಅಡ್ಡ ನಿಂತೆ.

'ಎಲ್ಲಿ ನೋವು ಹೇಳಿ,' ಅಂದೆ.

ಮದುವೆಯಾದ ಇಷ್ಟು ವರ್ಷದಲ್ಲಿ ನಾನು ಆ ಮಾತು ಆಡಿರಲಿಲ್ಲ. ಅವರು ಬೈಗುಳ ಕೇಳಿದವರ ಹಾಗೆ ಬೆಚ್ಚಿ ಸುತ್ತ ನೋಡಿದರು.

'ನಿನಗೆ ಬುದ್ಧಿ ಇದೆಯಾ? ಮನೆಗೆ ಹೋಗು.'

'ಹೋಗಲ್ಲ. ಹೇಳಿ.'

'ನಿನ್ನ ಮೇಲೆ ಹಾಕಿ ನಾನು ಆರಾಮಾಗಿ ಓಡಾಡಲಾ? ಅಂಥ ಗಂಡಸು ಅಂದುಕೊಂಡಿದ್ದೀಯಾ ನನ್ನ?'

'ಮಕ್ಕಳನ್ನ ಗೋಡೆಗೆ ಗುದ್ದೋ ಗಂಡಸಾಗೋದಕ್ಕಿಂತ ವಾಸಿ,' ಅಂದೆ. ಅಂದ ಮೇಲೆ ನನಗೇ ಕೆಟ್ಟದೆನಿಸಿತು. ಅವರು ಟೈರಿನ ರಾಶಿಯ ಸುತ್ತ ಒಂದು ಸುತ್ತು ಹಾಕಿ ಬಂದರು. ನಾನು ಹಿಂದೆಯೇ ಹೋದೆ. ಇನ್ನೊಂದು ಸುತ್ತು ಹಾಕಿದರು. ಆಮೇಲೆ ಗೋಡೆ ಕಡೆ ಮುಖ ಮಾಡಿ ನಿಂತು, ಹೊಕ್ಕುಳಿಂದ ಬಲಗಡೆ ಕೆಳಕ್ಕೆ ನೋಯುತ್ತದೆ, ಮೊದಮೊದಲು ಬಂದುಹೋಗಿ ಮಾಡುತ್ತಿತ್ತು, ಈಗ ಬಿಟ್ಟೇ ಹೋಗುವುದಿಲ್ಲ ಎಂದು ಮೆಲ್ಲಗೆ ಹೇಳಿದರು.

ಅದು ಬಂದ ರಭಸಕ್ಕೆ ನಾನು ಕೆಳಗೆ ಕೂತುಬಿಟ್ಟೆ. ಎರಡು ಹೆತ್ತವಳು ನಾನು, ಆದರೂ ಉಸಿರು ಕಟ್ಟಿತು. ಅವರು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಸಣ್ಣ ಮಕ್ಕಳ ಹಾಗೆ ಅತ್ತರು. 'ಇದು ನನ್ನದಲ್ಲ ಕಣೆ, ಇದು ನನ್ನದಲ್ಲ,' ಅನ್ನುತ್ತಿದ್ದರು.

'ನಿಮ್ಮದಲ್ಲದೆ ಇನ್ನಾರದು?'

ಬಂದ ನೋವು ಯಾರದೆಂದು ಹೇಳುವುದು ನಮ್ಮಲ್ಲಿ ಮನೆತನದ ಮಾನ ಕಳೆದ ಹಾಗೆ. ಆದರೂ ಹೇಳಿದರು. ಪೇಟೆಯಿಂದ ಬರುವಾಗ ಅನಂತಶಯನ ಡಾಕ್ಟರು ಡ್ರೈವರ್ ಸೀಟಿನ ಹಿಂದೆಯೇ ಕೂತಿದ್ದರಂತೆ. ಬಸ್ಸು ಉಪ್ಪುಹಳ್ಳದ ಸೇತುವೆ ದಾಟಿ ನಮ್ಮೂರ ಎಲ್ಲೆಯೊಳಗೆ ಬಂದ ಮೇಲೆ, 'ಶಂಭಣ್ಣ, ಸ್ವಲ್ಪ ನಿಧಾನಕ್ಕೆ ಬಿಡಯ್ಯಾ, ಬೆಳಗ್ಗಿನಿಂದ ಹೊಕ್ಕುಳ ಸುತ್ತ ನೋವು, ಈಗ ಬಲಗಡೆಗೆ ಇಳಿದಿದೆ,' ಎಂದು ಹೊರಗಿನವರು ಹೇಳುವ ಹಾಗೆ ಸಲೀಸಾಗಿ ಹೇಳಿಬಿಟ್ಟರಂತೆ. ಯಜಮಾನರು ಸ್ಟೇರಿಂಗ್ ಹಿಡಿದು ಹೇಗೋ ಊರು ಮುಟ್ಟಿಸಿದರು. 'ಅವರಿಗೆ ಗೊತ್ತಿಲ್ಲ ಪಾಪ. ಗೊತ್ತಿಲ್ಲದವರ ಮೇಲೆ ಏನಂತ ಹೇಳಲಿ,' ಅಂದರು.

ಅವರ ಮಾತು ಮುಗಿಯುವ ಮುಂಚೆಯೇ ನನಗೆ ಶಾಲು ಹೊದ್ದ ಡಾಕ್ಟರು ಕಣ್ಣಿಗೆ ಬಂದರು. ಆ ಜ್ವರ, ಆ ವಾಂತಿ, ಮುಟ್ಟದ ಇಡ್ಲಿ. ಕಾಯಿಲೆ ಅವರ ಹೊಟ್ಟೆಯೊಳಗೆ ಕೊಳೆಯುತ್ತಿದೆ, ಎಚ್ಚರಿಸಬೇಕಾದ ನೋವು ನನ್ನ ಹತ್ತಿರ ಇದೆ. 'ಬಸ್ಸನ್ನ ಕ್ಲಿನಿಕ್ ಮುಂದೆ ತಂದು ನಿಲ್ಲಿಸಿ,' ಎಂದು ಹೇಳಿ ಗೋಡೆ ಹಿಡಿದು ಹೊರಟೆ. ನನ್ನ ಮುಖ ನೋಡಿ ಬೀದಿಯ ಜನ ಪಕ್ಕಕ್ಕೆ ಸರಿದರು. ನಾನು ಬಾಯಿ ತೆರೆದೇನು ಎಂದು ಒಬ್ಬಾಕೆ ಕಿವಿಗೆ ಸೆರಗು ಒತ್ತಿಕೊಂಡಳು.

ಡಾಕ್ಟರು ಹಬೀಬ್ ಸಾಹೇಬರಿಗೆ ಅವರ ಗ್ರಾಫು ತೋರಿಸುತ್ತ ಕೂತಿದ್ದರು. ತುಟಿ ಒಣಗಿ ಬಿಳಿಚಿತ್ತು, ದನಿ ಮಾತ್ರ ಹಾಗೇ ಹುರುಪಾಗಿತ್ತು.

'ಸರ್, ನೀವು ಈಗಲೇ ಪೇಟೆ ಆಸ್ಪತ್ರೆಗೆ ಹೊರಡಬೇಕು. ನಿಮ್ಮ ಹೊಟ್ಟೆಯೊಳಗೆ ಏನೋ ಆಗಿದೆ.'

'ನನಗಾ?' ಎಂದು ನಕ್ಕರು. 'ನೀವೇ ತಾನೇ ನೋಡಿದ್ದು? ಕರುಳು ಐವತ್ತು. ಬೇಕಿದ್ದರೆ ಇನ್ನೊಂದು ಸಲ ನೋಡಿ.' ಹಿತ್ತಾಳೆ ಕೊಳವೆ ಹಿಡಿದು ಇನ್ನೊಂದು ಕೈ ಚಾಚಿದರು. ನಾನು ಕಡ್ಡಿ ಹಿಡಿದೆ. ನನ್ನ ಕೈ ನಡುಗುತ್ತಿತ್ತು. ಪಟ್ಟಿ ಎಂಬತ್ತಕ್ಕೆ ಹಾರಿತು, ಇಪ್ಪತ್ತಕ್ಕೆ ಬಿತ್ತು, ಮತ್ತೆ ಹಾರಿತು. 'ಇವತ್ತು ನಿಮ್ಮ ಕೈ ಸರಿಯಿಲ್ಲ,' ಅಂದರು. 'ಮನೆಗೆ ಹೋಗಿ ಮಲಗಿ. ನಾಳೆ ನೋಡೋಣ.'

ನಾಳೆಯವರೆಗೆ ಅವರು ಉಳಿಯುವುದಿಲ್ಲ ಎಂದು ನನ್ನ ಹೊಟ್ಟೆಗೆ ಗೊತ್ತಿತ್ತು. ಬೇಕೆಂದೇ ಇನ್ನೊಬ್ಬರಿಗೆ ನೋವು ಹೇಳಿದವರ ಕಥೆ ನಮ್ಮೂರಲ್ಲಿ ಇಲ್ಲ. ಆ ಥರದವರು ಇದ್ದರೂ ಅವರ ಹೆಸರು ಯಾರೂ ಎತ್ತುವುದಿಲ್ಲ. 'ಹಬೀಬ್ ಸಾಹೇಬರೇ, ದಯವಿಟ್ಟು ಹೊರಗೆ ಹೋಗಿ, ದೂರ ಹೋಗಿ,' ಅಂದೆ. ಅವರಿಗೆ ಅರ್ಥವಾಯಿತು. ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿ, ಟೋಪಿ ತೆಗೆದುಕೊಂಡು ಬೀದಿ ದಾಟಿ ಹೋದರು. ನಾನು ಬಾಗಿಲು ಹಾಕಿದೆ. ಡಾಕ್ಟರ ಎದುರು ಕೂತು, ಅವರ ಮುಖ ನೋಡಿಕೊಂಡೇ, ಎಲ್ಲಿ ನೋಯುತ್ತದೆ ಎಂದು ಹೇಳಿದೆ.

ಅವರ ಕೈಯಿಂದ ಕೊಳವೆ ಬಿದ್ದು ಉರುಳಿತು. ಮೇಜಿನ ಅಂಚು ಹಿಡಿದರು, ಮಂಡಿಯೂರಿದರು. ಅಷ್ಟು ಹೊತ್ತಿಗೆ ನನ್ನೊಳಗೆ ಏನೂ ಇರಲಿಲ್ಲ, ತೊಳೆದಿಟ್ಟ ಪಾತ್ರೆಯ ಹಾಗಿದ್ದೆ. ಅದರ ನಾಚಿಕೆಯಿಂದ ಅವರನ್ನು ಮುಟ್ಟುವುದಕ್ಕೂ ಕೈ ಬರಲಿಲ್ಲ. ಅವರು ಬಹಳ ಹೊತ್ತು ಉಸಿರು ಹುಡುಕಿ, ಕೊನೆಗೆ, 'ಇದು ನನ್ನದು. ಇದು ನನಗೆ ಗೊತ್ತು. ಬಸ್ಸಿನಲ್ಲಿ ಇದ್ದದ್ದು ಇದೇ,' ಅಂದರು.

'ಹೌದು ಸರ್. ನಮ್ಮವರ ಹತ್ತಿರ ಇತ್ತು.'

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಮನೆ ಬಾಡಿಗೆಗೆ ಕೊಟ್ಟವರು ಹೇಳಿದ್ದ ಮಾತು, ಊರವರ ಮುಚ್ಚಿದ ಬಾಯಿ, ಎಲ್ಲ ಒಂದೇ ಸಲಕ್ಕೆ ಅರ್ಥವಾದಂತೆ ಕಂಡಿತು. 'ಅಷ್ಟು ದಿನ ಶಂಭಣ್ಣನ ಹತ್ತಿರ,' ಎಂದರು.

ಬಸ್ಸಿನ ಉದ್ದ ಸೀಟಿನ ಮೇಲೆ ಮಲಗಿಸಿದೆವು. ಕೃಷ್ಣೋಜಿ ಹತ್ತಿ ಕೂತಿದ್ದ ಪ್ರಯಾಣಿಕರನ್ನೆಲ್ಲ ಇಳಿಸಿ ತಾನೂ ಇಳಿದ. ಒಂದೊಂದು ಗುಂಡಿಗೂ ಡಾಕ್ಟರ ಬಾಯಿ ತೆರೆಯುತ್ತಿತ್ತು. ಒಂದು ಮಾತು ಹೇಳಿದ್ದರೆ ಅವರಿಗೆ ಬಿಡುಗಡೆ ಇತ್ತು, ಎದುರಿಗೇ ನಾನಿದ್ದೆ. ಅವರು ಶಾಲಿನ ಚುಂಗನ್ನು ಬಾಯಿಗೆ ತುರುಕಿಕೊಂಡು ಕಣ್ಣು ಮುಚ್ಚಿದರು. ಮೆಷಿನ್ನಿನ ಮೇಲೆ ನನಗಿದ್ದ ಅನುಮಾನ ಏನೇ ಇರಲಿ, ಆ ಮನುಷ್ಯನ ಮೇಲೆ ಆಮೇಲೆ ಯಾವ ಅನುಮಾನವೂ ಬರಲಿಲ್ಲ. ಸೇತುವೆ ದಾಟಿ ಪೇಟೆ ಕಾಣುವ ಹೊತ್ತಿಗೆ ಅವರಿಗೆ ಎಚ್ಚರ ತಪ್ಪುವ ಹಾಗಾಯಿತು. ಶಾಲು ಜಾರಿತು. ಹೊಟ್ಟೆ ನೋಯುತ್ತದೆ, ಬಲಗಡೆ, ಸಾಯುತ್ತೇನೆ ಎಂದು ಜೋರಾಗಿ ಕೂಗಿದರು. ನಾನು ಸೀಟಿನ ಕಂಬಿ ಹಿಡಿದು ಆ ನೋವಿಗಾಗಿ ಕಾದೆ. ಬರಲಿಲ್ಲ. ಅವರು ನರಳುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಬಂದು, 'ಎಲ್ಲಿ ನೋವು? ಚುಚ್ಚಿದ ಹಾಗಾ, ಹಿಂಡಿದ ಹಾಗಾ, ಉರಿನಾ?' ಎಂದು ಕೇಳಿದಳು. ಅಷ್ಟೊಂದು ಬಗೆ ಇದೆಯೆಂದು ನಾನು ಆಗಲೇ ಕೇಳಿದ್ದು. ಅವಳಿಗೇನಾದರೂ ಆದೀತೆಂದು ನಾನು ತೋಳು ಹಿಡಿದು ಎಳೆದರೆ, 'ಬಿಡಿ ಅಮ್ಮಾ, ಕೇಳದೆ ಹೇಗೆ ಗೊತ್ತಾಗುತ್ತೆ?' ಎಂದು ಗದರಿದಳು. ಡಾಕ್ಟರು ಹೇಳಿದರು, ಅವಳು ಕೇಳಿಸಿಕೊಂಡಳು, ಪಕ್ಕದ ಮಂಚಕ್ಕೆ ಹೋಗಿ ಅಲ್ಲೂ ಅದನ್ನೇ ಕೇಳಿದಳು. ಅವಳ ನಡಿಗೆಯಲ್ಲಿ ಒಂದು ಚೂರೂ ವ್ಯತ್ಯಾಸವಿರಲಿಲ್ಲ. ಆ ಉದ್ದನೆಯ ಹಾಲಿನಲ್ಲಿ ಎಲ್ಲರೂ ಎಲ್ಲರಿಗೂ ಹೇಳುತ್ತಿದ್ದರು. ನಮ್ಮಿಬ್ಬರಿಗೂ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದು, ಗೇಟಿನವರೆಗೆ ಹೋಗಿ, ಮತ್ತೆ ಒಳಗೆ ಬಂದು, ಹೀಗೇ ಮಾಡುತ್ತಿದ್ದೆವು.

ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಗಿತ್ತಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದು ಆಪರೇಷನ್ ಮಾಡಿದ ಸರ್ಜನ್ ನಮ್ಮನ್ನೇ ಬೈದರು. 'ಇಷ್ಟು ದಿನ ಈ ನೋವನ್ನ ಅದು ಹೇಗೆ ತಡ್ಕೊಂಡಿದ್ರು?' ಅಂದರು. ಯಜಮಾನರು ನೆಲ ನೋಡಿದರು. ಡಾಕ್ಟರ ತಮ್ಮ ಬರುವವರೆಗೆ ನಾವು ಅಲ್ಲೇ ಇದ್ದೆವು. ಹೊರಡುವ ಮುಂಚೆ ಡಾಕ್ಟರು ಕಣ್ಣುಬಿಟ್ಟು ಯಜಮಾನರ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. ನನ್ನ ಕಡೆ ತಿರುಗಿ, 'ಕಾಲಿನ ಬಿಂದು ಒತ್ತಿ ವಾಸಿ ಮಾಡಿಕೊಂಡೆ ಅಂತ ನಿಜವಾಗಿ ನಂಬಿದ್ದೆ ಅಮ್ಮಾ,' ಅಂದರು. ನಾನೂ ಒತ್ತಿದವಳೇ.

ವಾಪಸು ಬರುವಾಗ ಬಸ್ಸು ಖಾಲಿ. ಬಿಸಿಲು ಚೆನ್ನಾಗಿತ್ತು. ನಾನು ಡ್ರೈವರ್ ಸೀಟಿನ ಹಿಂದೆ ಕೂತಿದ್ದೆ. ಸೇತುವೆ ಇನ್ನೂ ಸ್ವಲ್ಪ ದೂರ ಇರುವಾಗ ಯಜಮಾನರು ಬಸ್ಸನ್ನು ರಸ್ತೆ ಪಕ್ಕದ ಬಯಲಿಗೆ ಇಳಿಸಿ ಇಂಜಿನ್ ಆರಿಸಿದರು.

'ಏನಾಯ್ತು?'

'ಪೇಟೆಗೆ ಹೋಗುವಾಗ ಡಾಕ್ಟರು ಕೂಗಿಕೊಂಡರಲ್ಲ, ನಿನಗೆ ಬಂತಾ?'

'ಇಲ್ಲ. ಅವರು ಹೊರಗಿನವರಲ್ಲವಾ, ಅದಕ್ಕಿರಬೇಕು.'

'ಹೊರಗಿನವರಾದರೆ ನನಗೆ ಹೇಗೆ ಬಂತು ಮತ್ತೆ? ನನಗೆ ಹೇಳಿದ್ದು ಸೇತುವೆಯ ಆ ಕಡೆ, ನಿನಗೆ ಈ ಕಡೆ,' ಎಂದು ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗದೆ, 'ಒಂದು ಸಣ್ಣದು ಹೇಳಿ ನೋಡಲಾ? ಬಂದರೆ ಬೈಯಬೇಡ,' ಅಂದರು.

ನಾನು ಹೂಂ ಅಂದೆ. ಕ್ಲಚ್ ತುಳಿದೂ ತುಳಿದೂ ಎಡಗಾಲಿನ ಹಿಮ್ಮಡಿ ನೋಯುತ್ತದೆ, ಬೆಳಿಗ್ಗೆ ನೆಲಕ್ಕೆ ಇಟ್ಟರೆ ಮುಳ್ಳು ಹೊಕ್ಕ ಹಾಗಾಗುತ್ತದೆ ಎಂದು ಹೇಳಿದರು. ಹೇಳಿ ಉಸಿರು ಹಿಡಿದರು. ನಾನು ನನ್ನ ಹಿಮ್ಮಡಿಯನ್ನು ಬಸ್ಸಿನ ತಗಡಿಗೆ ಒತ್ತಿ ನೋಡಿದೆ. ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಿದೆ.

'ಬಂತಾ?'

'ಇಲ್ಲ. ನಿಮ್ಮದು ಹೋಯ್ತಾ?'

ಅವರು ಕಾಲು ಕೆಳಗೆ ಊರಿ ಮುಖ ಹಿಂಡಿದರು. 'ಎಲ್ಲಿ ಹೋಗುತ್ತೆ, ಇಲ್ಲೇ ಇದೆ,' ಎಂದು ನಗತೊಡಗಿದರು. ಆ ನಗು ನಿಲ್ಲಿಸಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಸೀಟಿನ ಮೇಲೆ ಹಿಂದಕ್ಕೆ ತಿರುಗಿ ಕೂತು, ಕಣ್ಣು ಒರೆಸಿಕೊಂಡು, 'ಈಗ ನೀನು ಹೇಳು,' ಅಂದರು.

ಎಷ್ಟಿತ್ತು ನನ್ನ ಹತ್ತಿರ! ಯಾವುದಕ್ಕೂ ಹೆಸರು ಗೊತ್ತಿರಲಿಲ್ಲ. 'ಎಲ್ಲಿಂದ ಶುರು ಮಾಡಲಿ?' ಅಂದೆ.

'ತಲೆಯಿಂದ ಶುರು ಮಾಡು,' ಅಂದರು. 'ಇವತ್ತು ಬಸ್ಸು ತಡ ಅಂತ ತಿಳ್ಕೊಳ್ಳಲಿ ಜನ.'